ಮೊದಲ ಟಿಗ್ ಮಷೀನ್: ಎಷ್ಟು ಕೆಳಗೆ ಇಳಿಯುತ್ತದೆ ಅಂತ ಕೇಳಿ

ವೆಲ್ಡಿಂಗ್ ಕಲಿಸುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: ‘ಮನೆಯಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಟಿಗ್ ತಗೋಬೇಕು, 200 ಆಂಪ್ ಸಾಕಾ, 250 ಬೇಕಾ?’ ಟಿಗ್ ಎಂದರೆ ಕರಗದ ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ಲೋಹಕ್ಕೆ ಆರ್ಕ್ (ಎಡೆಬಿಡದ ವಿದ್ಯುತ್ ಕಿಡಿ) ಹಾರಿಸಿ, ಸುತ್ತ ಗ್ಯಾಸ್ ಹರಿಸುತ್ತಾ ಬೆಸೆಯುವ ವೆಲ್ಡಿಂಗ್. ನಾನು ತಿರುಗಿ ಕೇಳುತ್ತೇನೆ, ‘ಅದು ಎಷ್ಟು ಆಂಪ್‌ಗೆ ಇಳಿಯುತ್ತದೆ?’ ಅದನ್ನು ನೋಡಿಕೊಂಡು ಬಂದವರು ಕಡಿಮೆ. ಮಷೀನಿನ ಮೈಮೇಲೆ ದೊಡ್ಡ ಅಕ್ಷರದಲ್ಲಿ ಇರುವುದು ಮೇಲಿನ ಅಂಕಿ ತಾನೇ!

ಸ್ವಲ್ಪ ಲೆಕ್ಕ ಹಾಕೋಣ. ಸಾದಾ ಉಕ್ಕಿಗೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪ್ ಎಂದು ನಾವು ಹಿಡಿಯುತ್ತೇವೆ. 1.6 ಮಿ.ಮೀ. ಪೈಪಿಗೆ 60-65 ಆಂಪ್. 3 ಮಿ.ಮೀ. ಪಟ್ಟಿಗೆ 120ರ ಆಸುಪಾಸು. ಸ್ಟೇನ್‌ಲೆಸ್‌ಗೆ ಇನ್ನೂ ಸ್ವಲ್ಪ ಕಡಿಮೆ ಸಾಕು, ಅದರಲ್ಲಿ ಶಾಖ ಬೇಗ ಹರಿದು ಹೋಗುವುದಿಲ್ಲ. ಸ್ಟೂಲಿನ ಕಾಲು, ಸೈಕಲ್ ಕ್ಯಾರಿಯರ್, ಒಂದು ಬ್ರಾಕೆಟ್, ಪಾತ್ರೆಯ ಹಿಡಿ: ಮನೆಯ ಶೆಡ್ಡಿನಲ್ಲಿ ಆಗುವುದು ಇಷ್ಟೇ ಅಲ್ವಾ? ಇದಕ್ಕೆಲ್ಲ 160 ಆಂಪ್ ಧಾರಾಳ. ಕಷ್ಟ ಬರುವುದು 0.8 ಮಿ.ಮೀ. ತಗಡಿನ ಅಂಚಿನಲ್ಲಿ. ಅಲ್ಲಿ 20 ಆಂಪ್‌ನಲ್ಲಿ ಆರ್ಕ್ ಅಲ್ಲಾಡದೆ ನಿಲ್ಲಬೇಕು. ಡಯಲ್ ಮೇಲೆ 5 ಆಂಪ್ ಎಂದು ಬರೆದು, 20ರಲ್ಲೇ ಗಾಳಿಗೆ ಸಿಕ್ಕ ದೀಪದಂತೆ ಅಲೆಯುವ ಮಷೀನುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಎರಡನೆಯ ವಿಷಯ, ಆರ್ಕ್ ಹೇಗೆ ಹೊತ್ತಿಕೊಳ್ಳುತ್ತದೆ ಎನ್ನುವುದು. ಇದರಲ್ಲಿ ಮೂರು ಬಗೆ. ಬೆಂಕಿಕಡ್ಡಿ ಗೀರಿದಂತೆ ಲೋಹದ ಮೇಲೆ ಎಳೆದು ಹೊತ್ತಿಸುವ ಸ್ಕ್ರ್ಯಾಚ್ ಸ್ಟಾರ್ಟ್ ಅತಿ ಅಗ್ಗದ್ದು. ಪ್ರತಿ ಸಲ ಟಂಗ್‌ಸ್ಟನ್ ತುದಿ ಹಾಳಾಗಿ ಸಾಣೆಯ ಕಡೆ ಓಡಬೇಕು. ಲಿಫ್ಟ್ ಸ್ಟಾರ್ಟ್‌ನಲ್ಲಿ ಮುಟ್ಟಿಸಿ ಎತ್ತಿದರೆ ಆಯಿತು. ಮುಟ್ಟಿದ ಹೊತ್ತಿನಲ್ಲಿ ಮಷೀನೇ ಕರೆಂಟನ್ನು ತೀರಾ ಕಡಿಮೆ ಇಟ್ಟಿರುತ್ತದೆ. ಮೂರನೆಯದು ಹೈ ಫ್ರೀಕ್ವೆನ್ಸಿ. ಮುಟ್ಟಿಸುವುದೇ ಬೇಡ, ಗುಂಡಿ ಒತ್ತಿದರೆ ಕಿಡಿ ತಾನೇ ಹಾರುತ್ತದೆ. ಒಮ್ಮೆ ರೂಢಿಯಾದರೆ ಬಿಡಲು ಮನಸ್ಸು ಬರುವುದಿಲ್ಲ. ಆದರೆ ಆ ಕಿಡಿ ಪಕ್ಕದ ಎಲೆಕ್ಟ್ರಾನಿಕ್ಸನ್ನು ಕೆಣಕುತ್ತದೆ, ಕಂಪ್ಯೂಟರನ್ನು ದೂರ ಇಡಿ. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳದೆ ಯಾವ ಆರ್ಕ್ ವೆಲ್ಡಿಂಗ್ ಹತ್ತಿರವೂ ಬರಬಾರದು. ಉಕ್ಕು, ಸ್ಟೇನ್‌ಲೆಸ್ ಮಾತ್ರ ಮಾಡುವವರಿಗೆ ಲಿಫ್ಟ್ ಸ್ಟಾರ್ಟ್ ಸಾಕು ಎಂದೇ ನಾನು ಹೇಳುತ್ತೇನೆ.

ಆರ್ಕ್ ಹೇಗೆ ಆರುತ್ತದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನನ್ನ ಮೊದಲ ಟಿಗ್ ಎಂದರೆ ಹಳೆಯ ಸ್ಟಿಕ್ ಮಷೀನಿಗೆ (ಕರಗುವ ರಾಡ್‌ನಿಂದಲೇ ಬೆಸೆಯುವ ಸಾದಾ ಮಷೀನು) ಸಿಕ್ಕಿಸಿದ ಒಂದು ಟಾರ್ಚ್, ಅಂದರೆ ಟಂಗ್‌ಸ್ಟನ್ ಹಿಡಿಯುವ ಕೈಹಿಡಿ, ಅಷ್ಟೇ. ನಿಲ್ಲಿಸಬೇಕೆಂದರೆ ಟಾರ್ಚನ್ನು ಫಟ್ಟನೆ ಎಳೆಯಬೇಕು. ಅದರಲ್ಲಿ ಒಂದು ಚಿಕ್ಕ ಸ್ಟೀಲ್ ತೊಟ್ಟಿ ಮಾಡಿದೆ. ಬೀಡುಗಳು, ಅಂದರೆ ಬೆಸುಗೆಯ ಗೆರೆಗಳು, ಜೋಡಿಸಿಟ್ಟ ನಾಣ್ಯದ ಸಾಲಿನಂತೆ ಬಂದಿದ್ದವು, ನಾನು ಉಬ್ಬಿಹೋಗಿದ್ದೆ. ನೀರು ತುಂಬಿದರೆ ಒಂದೊಂದು ಬೀಡಿನ ಕೊನೆಯಲ್ಲೂ ಒಂದೊಂದು ಹನಿ! ಕರೆಂಟ್ ಒಮ್ಮೆಲೇ ನಿಂತರೆ ಕರಗಿದ ಲೋಹ ಕುಗ್ಗಿ, ಕೊನೆಯಲ್ಲಿ ಒಂದು ಗುಳಿ ಬೀಳುತ್ತದೆ. ಗುಳಿಯ ನಡುವೆ ಸೂಜಿಮೊನೆಯಷ್ಟು ತೂತು ಅಥವಾ ಬಿರುಕು. ಇದಕ್ಕೆ ಮದ್ದು ಡೌನ್‌ಸ್ಲೋಪ್. ಕರೆಂಟನ್ನು ಎರಡು ಮೂರು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸುವ ವ್ಯವಸ್ಥೆ ಅದು. ಅದರ ಜೊತೆಗೆ ಪೋಸ್ಟ್‌ಫ್ಲೋ: ಆರ್ಕ್ ಆರಿದ ಮೇಲೂ ಗ್ಯಾಸ್ ಹರಿಯುತ್ತಿರಬೇಕು. 10 ಆಂಪ್‌ಗೆ ಒಂದು ಸೆಕೆಂಡ್ ಎನ್ನುವುದು ಹಳೆಯ ಲೆಕ್ಕ. ಇವೆರಡೂ ಇಲ್ಲದ ಮಷೀನನ್ನು ಉಚಿತವಾಗಿ ಕೊಟ್ಟರೂ ಹೊಸಬರು ತಗೋಬಾರದು. ಕಾಲು ಪೆಡಲ್ ಇದ್ದರೆ ಇನ್ನೂ ಹಿತ, ಈಗಲೇ ಕೊಳ್ಳದಿದ್ದರೂ ಅದರ ಸಾಕೆಟ್ ಇದೆಯೇ ನೋಡಿಕೊಳ್ಳಿ.

ಇನ್ನು ಅಲ್ಯೂಮಿನಿಯಂ. ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ. ಟಿಗ್ ಬೆಳೆದದ್ದೇ 1940ರ ದಶಕದ ವಿಮಾನ ಕಾರ್ಖಾನೆಗಳಲ್ಲಿ. ಅಮೆರಿಕದ ನಾರ್ಥ್ರಪ್ ಕಂಪನಿಯ ರಸೆಲ್ ಮೆರೆಡಿತ್ ಮೆಗ್ನೀಸಿಯಂ ಬೆಸೆಯಲು ಹೀಲಿಯಂ ಗ್ಯಾಸ್ ಬಳಸಿ ಇದನ್ನು ರೂಪಿಸಿದರು. ಹಾಗಾಗಿ ಟಿಗ್ ಎಂದರೆ ಹಗುರ ಲೋಹಕ್ಕೇ ಇರುವುದು ಎಂಬ ಭಾವನೆ ಜನರಲ್ಲಿ ಉಳಿದಿದೆ. ಆದರೆ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗಿದರೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2000 ಡಿಗ್ರಿ ದಾಟಿದ ಮೇಲೆ. ಒಳಗೆ ನೀರಾಗಿದ್ದರೂ ಹೊರಗೆ ಚರ್ಮ ಹಾಗೇ ಇರುತ್ತದೆ. ಆ ಪೊರೆಯನ್ನು ಕಿತ್ತೊಗೆಯುವುದು ಎಸಿ ಕರೆಂಟಿನ ಒಂದು ಅರ್ಧ, ಲೋಹ ಕರಗಿಸುವುದು ಇನ್ನೊಂದು ಅರ್ಧ. ಆದ್ದರಿಂದ ಇದಕ್ಕೆ ಎಸಿ-ಡಿಸಿ ಎರಡೂ ಇರುವ ಮಷೀನ್ ಬೇಕು, ಮತ್ತು ಬೆಲೆ ಅಲ್ಲೇ ಜಿಗಿಯುತ್ತದೆ. ‘ಡಿಸಿಯಲ್ಲೂ ಆಗುತ್ತೆ’ ಎಂದು ಮಾರುವವರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೀಲಿಯಂ ಇಟ್ಟು ಕಾರ್ಖಾನೆಯಲ್ಲಿ ಮಾಡುವ ಕೆಲಸ ಅದು.

ನಾನು ಒಂದು ಸಲಹೆ ಕೊಡುತ್ತೇನೆ. ಕಳೆದ ಒಂದು ವರ್ಷದಲ್ಲಿ ‘ಇದನ್ನು ಬೆಸೆಯಬೇಕಿತ್ತು’ ಎಂದು ಅನಿಸಿದ ಅಲ್ಯೂಮಿನಿಯಂ ವಸ್ತುಗಳನ್ನು ಬೆರಳಲ್ಲಿ ಎಣಿಸಿ. ಒಂದೂ ಇಲ್ಲವೇ? ಒಳ್ಳೆಯ ಡಿಸಿ ಮಷೀನ್ ತಗೊಳ್ಳಿ, ಉಳಿದ ದುಡ್ಡಿಗೆ ಗ್ಯಾಸ್, ರಾಡ್ ಬರುತ್ತದೆ. ನಾಲ್ಕೈದು ಇವೆಯೇ? ಹಾಗಾದರೆ ಸ್ವಲ್ಪ ಕಾದು, ಹೈ ಫ್ರೀಕ್ವೆನ್ಸಿ ಇರುವ 200 ಆಂಪ್‌ನ ಎಸಿ-ಡಿಸಿಯನ್ನೇ ತಗೊಳ್ಳಿ. ಅಲ್ಯೂಮಿನಿಯಂ ಶಾಖವನ್ನು ಎಲ್ಲ ಕಡೆ ಹರಿಸಿಬಿಡುತ್ತದೆ, ಅಲ್ಲಿ ಆಂಪ್ ಕೈಯಲ್ಲಿ ಜಾಸ್ತಿ ಇರಬೇಕು.

ಡ್ಯೂಟಿ ಸೈಕಲ್, ಅಂದರೆ ಮಷೀನ್ ತಣಿಯಲು ಬಿಡದೆ ಎಷ್ಟು ಹೊತ್ತು ಓಡಬಲ್ಲದು ಎನ್ನುವ ಲೆಕ್ಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 160 ಆಂಪ್‌ಗೆ 30 ಶೇಕಡಾ ಎಂದಿದ್ದರೆ ಹತ್ತು ನಿಮಿಷದಲ್ಲಿ ಮೂರು ನಿಮಿಷ ಎಂದರ್ಥ. ಮನೆಯಲ್ಲಿ ನೀವು ಓಡಿಸುವುದು 60-70ರಲ್ಲಿ, ಮಷೀನಿಗಿಂತ ಮೊದಲು ನಿಮಗೇ ಸುಸ್ತಾಗುತ್ತದೆ. ಮನೆಯ ವೈರಿಂಗ್ ಬಗ್ಗೆಯೂ ಭಯ ಬೇಡ. ಟಿಗ್ ಆರ್ಕಿನ ವೋಲ್ಟೇಜ್ ಸ್ಟಿಕ್‌ಗಿಂತ ಎಷ್ಟೋ ಕಡಿಮೆ. 100 ಆಂಪ್‌ನಲ್ಲಿ ಟಿಗ್‌ಗೆ ಸುಮಾರು 14 ವೋಲ್ಟ್, ಸ್ಟಿಕ್‌ಗೆ 24. ಅದೇ ಮಷೀನನ್ನು ಸ್ಟಿಕ್‌ನಲ್ಲಿ ಓಡಿಸಿದಾಗ ಫ್ಯೂಸ್ ಹೋಗುವುದು ಅದಕ್ಕೇ. ಆದರೂ ನೇಮ್‌ಪ್ಲೇಟ್ ಮೇಲಿನ ಇನ್‌ಪುಟ್ ಕರೆಂಟನ್ನು ಓದಿಕೊಂಡೇ ಪ್ಲಗ್ ಹಾಕಿ.

ಇಡೀ ಬಜೆಟ್ಟನ್ನು ಮಷೀನಿಗೇ ಸುರಿಯಬೇಡಿ. ಅಪ್ಪಟ ಆರ್ಗಾನ್ ಸಿಲಿಂಡರ್ ಬೇಕು. ಮಿಗ್‌ಗೆ (ತಂತಿ ತಾನೇ ಬಂದು ಕರಗುವ ವೆಲ್ಡಿಂಗ್‌ಗೆ) ಬಳಸುವ ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸ್ ಹಾಕಿದರೆ ಟಂಗ್‌ಸ್ಟನ್ ನೋಡುತ್ತಿದ್ದಂತೆ ಸುಟ್ಟುಹೋಗುತ್ತದೆ. ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ತೋರಿಸುವ ಫ್ಲೋಮೀಟರ್ ಬೇಕು, 6ರಿಂದ 8 ಲೀಟರ್ ಸಾಕು. ಸೆಕೆಗೆಂದು ಫ್ಯಾನ್ ಹಾಕಿ ಗ್ಯಾಸನ್ನೆಲ್ಲ ಹಾರಿಸಿಬಿಟ್ಟು, ‘ಬೀಡು ತೂತು ತೂತಾಗ್ತಿದೆ’ ಎಂದು ಮಷೀನನ್ನು ಬೈದವರಿದ್ದಾರೆ. ಹೆಲ್ಮೆಟ್ ಕೊಳ್ಳುವಾಗಲೂ ಆ ಚಿಕ್ಕ ಅಂಕಿಯೇ ಮುಖ್ಯ. ತಾನೇ ಕಪ್ಪಾಗುವ ಅಗ್ಗದ ಗಾಜುಗಳು 20 ಆಂಪ್‌ನ ಮಂದ ಆರ್ಕನ್ನು ಗುರುತಿಸದೆ ಮಿಣಮಿಣ ಮಾಡುತ್ತವೆ, ರಾತ್ರಿ ಕಣ್ಣಲ್ಲಿ ಮರಳು ಸುರಿದಂತಾಗುತ್ತದೆ. ಟಂಗ್‌ಸ್ಟನ್‌ನಲ್ಲಿ 1.6 ಮಿ.ಮೀ.ನ ಲ್ಯಾಂಥನೇಟೆಡ್, ಅಂದರೆ ನೀಲಿ ಅಥವಾ ಚಿನ್ನದ ಬಣ್ಣದ ತುದಿಯದ್ದು ತಗೊಳ್ಳಿ. ಕೆಂಪು ತುದಿಯದರಲ್ಲಿ ಥೋರಿಯಂ ಇರುತ್ತದೆ. ಅದು ವಿಕಿರಣ ಸೂಸುವ ವಸ್ತು, ಸಾಣೆ ಹಿಡಿದಾಗ ಅದರ ಧೂಳು ಮನೆಯಲ್ಲಿ ಯಾಕೆ ಬೇಕು?

ತುಕ್ಕು ಹಿಡಿದ ಗೇಟು, ಗಾಳಿಗೆ ತೆರೆದ ಅಂಗಳ, ಇದೇ ನಿಮ್ಮ ಕೆಲಸವಾದರೆ ಸುಮ್ನೆ ಸ್ಟಿಕ್ ಮಷೀನ್ ತಗೊಳ್ಳಿ. ಟಿಗ್‌ಗೆ ಉಜ್ಜಿ ಹೊಳಪು ಬಂದ ಲೋಹವೇ ಬೇಕು. ಒರೆಸಲು ಅಸಿಟೋನ್ ಬಳಸಿ, ಪೂರ್ತಿ ಆರಲು ಬಿಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಖಂಡಿತ ಬೇಡ. ಆರ್ಕಿನ ಶಾಖ ಮತ್ತು ಬೆಳಕಿಗೆ ಅದು ಫಾಸ್ಜೀನ್ ಎಂಬ ವಿಷಗಾಳಿಯಾಗಬಲ್ಲದು.

ಅಂಗಡಿಗೆ ಹೋಗುವಾಗ ಉಜ್ಜಿದ 1 ಮಿ.ಮೀ. ತಗಡಿನ ಎರಡು ತುಂಡು ಜೇಬಿನಲ್ಲಿರಲಿ. ತುದಿ ಚೂಪು ಮಾಡಿದ 1.6ರ ಟಂಗ್‌ಸ್ಟನ್ ಹಾಕಿಸಿ, 10 ಆಂಪ್ ಇಟ್ಟು ಹೊತ್ತಿಸಲು ಹೇಳಿ. ಹತ್ತು ಸಲ. ಎಂಟು ಸಲ ಸಲೀಸಾಗಿ ಹತ್ತಿ ಅಲ್ಲಾಡದೆ ನಿಂತರೆ ಬೆಲೆಯ ಮಾತಿಗೆ ಕೂರಬಹುದು.