ಬ್ರಿಸ್ಟಲ್‌ನ ತಿರುಗು ಸೇತುವೆಗೆ ಬಲ ಎಲ್ಲಿಂದ ಬರುತ್ತಿತ್ತು?

ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿ ಬಂದವರು ಸಾಮಾನ್ಯವಾಗಿ ಎರಡು ಫೋಟೋ ತೋರಿಸುತ್ತಾರೆ. ಒಂದು ರಾಜಾ ರಾಮಮೋಹನ ರಾಯರ ಪ್ರತಿಮೆ, ಯಾಕಂದ್ರೆ ಅವರು 1833ರಲ್ಲಿ ತೀರಿಕೊಂಡಿದ್ದು ಆ ಊರಲ್ಲೇ. ಇನ್ನೊಂದು ಕ್ಲಿಫ್ಟನ್ ತೂಗುಸೇತುವೆ. ಆ ತೂಗುಸೇತುವೆ ಮೇಲೆ ನಿಂತು ಊರಿನ ಕಡೆ ಕೆಳಗೆ ನೋಡಿದರೆ ಬಂದರಿನ ಬಾಯಲ್ಲಿರುವ ಕಂಬರ್‌ಲೆಂಡ್ ಬೇಸಿನ್ ಎಂಬ ಹಡಗಿನ ಕೊಳ ಕಾಣುತ್ತದೆ. ಅಣೆಕಟ್ಟಿನ ಗೇಟು, ಪಂಪು ಅಂತ ಕೆಲಸ ಮಾಡುವ ನನ್ನಂಥವರಿಗೆ ನೋಡಬೇಕಾದ್ದು ಇರುವುದು ಅಲ್ಲಿ: ಹಡಗಿಗೆ ದಾರಿ ಬಿಡಲು ಪಕ್ಕಕ್ಕೆ ತಿರುಗುತ್ತಿದ್ದ ಒಂದು ಹಳೆಯ ಸೇತುವೆ.

ಏವನ್ ನದಿಗೆ ಸಮುದ್ರದ ಉಬ್ಬರ ನುಗ್ಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ 10 ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ನಮ್ಮ ಮಂಗಳೂರಲ್ಲಿ ಇದು ಎರಡು ಮೀಟರ್ ಕೂಡ ಇಲ್ಲ, ಹಾಗಾಗಿ ಅಲ್ಲಿನ ಬಂದರಿಗೆ ಲಾಕ್ ಅನ್ನುವ ನೀರಿನ ಬಾಗಿಲು ಬೇಕಾಗಲಿಲ್ಲ. ಮುಂಬೈನ ಇಂದಿರಾ ಡಾಕ್‌ಗೆ ಬೇಕಾಯಿತು. ಬ್ರಿಸ್ಟಲ್‌ನಲ್ಲಂತೂ ಇಳಿತದ ಹೊತ್ತಿಗೆ ಹಡಗುಗಳು ಕೆಸರಲ್ಲಿ ಕೂತುಬಿಡುತ್ತಿದ್ದವು. ಅದಕ್ಕೇ ವಿಲಿಯಂ ಜೆಸ್ಸಪ್ ಎಂಬ ಎಂಜಿನಿಯರ್ 1809ರ ಹೊತ್ತಿಗೆ ನದಿಯ ಒಂದು ಭಾಗವನ್ನೇ ಕಟ್ಟಿ ನೀರು ನಿಲ್ಲಿಸಿದರು. ಆ ನಿಂತ ನೀರಿಗೂ ಏರಿಳಿಯುವ ನದಿಗೂ ನಡುವಿನ ಬಾಗಿಲೇ ಲಾಕ್.

ಲಾಕ್‌ನ ಎರಡು ಕದಗಳು ಮುಚ್ಚಿದಾಗ ನೇರ ಗೋಡೆಯಂತೆ ನಿಲ್ಲುವುದಿಲ್ಲ. ಒಳಗಿನ ನೀರಿನ ಕಡೆಗೆ ಮೂತಿ ಮಾಡಿ ಒಂದಕ್ಕೊಂದು ಆತುಕೊಳ್ಳುತ್ತವೆ. ಹೊರಗೆ ನದಿ ಇಳಿದಷ್ಟೂ ಒಳಗಿನ ನೀರೇ ಕದಗಳನ್ನು ಒತ್ತಿ ಬಿಗಿ ಮಾಡುತ್ತದೆ. ಚಿಲಕ ಬೇಡ. ಆದರೆ ಎರಡೂ ಕಡೆ ಮಟ್ಟ ಸಮ ಆಗದೆ ಯಾವ ಬಲ ಹಾಕಿದರೂ ತೆರೆಯುವುದಿಲ್ಲ.

1844ರ ಡಿಸೆಂಬರ್‌ನಲ್ಲಿ ಇಲ್ಲಿ ಒಂದು ಫಜೀತಿ ಆಯಿತು. ಎಂಜಿನಿಯರ್ ಬ್ರುನೆಲ್ ಕಟ್ಟಿಸಿದ ‘ಗ್ರೇಟ್ ಬ್ರಿಟನ್’ ಹಡಗು ಹೊರಗೆ ಹೋಗುವಾಗ ಲಾಕ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಗೋಡೆಯ ಮೇಲಿನ ಕಲ್ಲುಗಳನ್ನು ಕಿತ್ತು, ಮುಂದಿನ ಉಬ್ಬರದಲ್ಲಿ ಅದನ್ನು ಆಚೆ ಕಳಿಸಿದರು. ಬಳಿಕ ಬ್ರುನೆಲ್ ಕಟ್ಟಿದ ದೊಡ್ಡ ಲಾಕ್ 1849ರಲ್ಲಿ ಮುಗಿಯಿತು. ಅದರ ಮೇಲೆ ಎರಕದ ಬೀಡು ಕಬ್ಬಿಣದ್ದಲ್ಲ, ತಟ್ಟಿ ಮಾಡಿದ ಕಬ್ಬಿಣದ ತಿರುಗು ಸೇತುವೆ ಬಂತು. ಮೊದಲು ಅದನ್ನು ಜನ ಕೈಯಲ್ಲೇ ತಿರುಗಿಸುತ್ತಿದ್ದರು. ಇನ್ನೂ ದೊಡ್ಡ ಲಾಕ್ 1873ರಲ್ಲಿ ಪಕ್ಕದಲ್ಲೇ ಆದಾಗ ಸೇತುವೆಯನ್ನು ಅಲ್ಲಿಗೆ ಸಾಗಿಸಿ, ನೀರಿನ ಒತ್ತಡದಿಂದ ತಿರುಗುವ ಹಾಗೆ ಮಾಡಿದರು.

ನೀರಿನ ಒತ್ತಡ ಅಂದ ಕೂಡಲೇ ಜನ ಎತ್ತರದ ಟ್ಯಾಂಕ್ ಕಲ್ಪಿಸಿಕೊಳ್ಳುತ್ತಾರೆ. ಇಂಥ ಯಂತ್ರಗಳನ್ನು ರೂಪಿಸಿದ ನ್ಯೂಕಾಸಲ್‌ನ ವಿಲಿಯಂ ಆರ್ಮ್‌ಸ್ಟ್ರಾಂಗ್ ಮೊದಲು ಯೋಚಿಸಿದ್ದೂ ಹಾಗೇ. (ಇವರು ಮೂಲತಃ ವಕೀಲರು!) ಗ್ರಿಮ್ಸ್‌ಬಿ ಡಾಕ್‌ನಲ್ಲಿ ನೀರಿನ ಟ್ಯಾಂಕ್ ಇಡುವುದಕ್ಕೆಂದೇ 94 ಮೀಟರ್ ಗೋಪುರ 1852ರಲ್ಲಿ ಎದ್ದಿತು. ಆದರೆ ಟ್ಯಾಂಕ್ ಎತ್ತರಕ್ಕೆ ಒಂದು ಮಿತಿ ಇದೆ ಅಲ್ವಾ? ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿದಾಗಲೂ ಅಷ್ಟು ನೀರಿನ ಬುಡದಲ್ಲಿ ಒತ್ತಡ ಸುಮಾರು 54 ಪಿಎಸ್‌ಐ (ಚದರ ಇಂಚಿಗೆ 54 ಪೌಂಡ್) ಮಾತ್ರ. ಬ್ರಿಸ್ಟಲ್ ಡಾಕ್‌ನ ಪೈಪುಗಳಲ್ಲಿ ಇದ್ದದ್ದು 750. ಅಷ್ಟು ಒತ್ತಡಕ್ಕೆ ಟ್ಯಾಂಕ್ ಇಡುವುದಾದರೆ ಅರ್ಧ ಕಿಲೋಮೀಟರ್ ಮೇಲೆ ಇಡಬೇಕು.

ಆರ್ಮ್‌ಸ್ಟ್ರಾಂಗ್ ಟ್ಯಾಂಕ್ ಬಿಟ್ಟು ತೂಕ ಹಿಡಿದರು. ನೆಟ್ಟಗೆ ನಿಂತ ಒಂದು ಸಿಲಿಂಡರ್. ಅದರೊಳಗೆ ದಪ್ಪ ಕಬ್ಬಿಣದ ಕಂಬದಂಥ ರ್‍ಯಾಮ್. ಅದರ ತಲೆಗೆ ಸಿಕ್ಕಿಸಿದ ದೊಡ್ಡ ಪೆಟ್ಟಿಗೆಯೊಳಗೆ ಕಲ್ಲೋ, ಜಲ್ಲಿಯೋ, ಗುಜರಿ ಕಬ್ಬಿಣವೋ, ಸುಮ್ನೆ ಭಾರ ಇದ್ದರೆ ಸಾಕು. ಪಂಪು ಸಿಲಿಂಡರಿಗೆ ನೀರು ತುಂಬಿದ ಹಾಗೆ ಪೆಟ್ಟಿಗೆ ಮೇಲೇಳುತ್ತದೆ. ತುದಿ ಮುಟ್ಟಿದಾಗ ಪಂಪು ತಾನೇ ನಿಲ್ಲುತ್ತದೆ. ಯಾರೋ ದೂರದಲ್ಲಿ ಸೇತುವೆಯ ವಾಲ್ವ್ ತೆರೆದರೆ ಪೆಟ್ಟಿಗೆ ಇಳಿಯುತ್ತಾ ನೀರನ್ನು ಪೈಪಿಗೆ ಒತ್ತುತ್ತದೆ. ಇದೇ ಅಕ್ಯುಮುಲೇಟರ್.

ಇದರ ಲಾಭ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. 80 ಟನ್ ಪೆಟ್ಟಿಗೆ 6 ಮೀಟರ್ ಮೇಲೆ ಇದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಕೂಡಿಟ್ಟ ಶಕ್ತಿ 1.3 ಯೂನಿಟ್. ಕರೆಂಟ್ ಬಿಲ್ಲಿನ ಅದೇ ಯೂನಿಟ್. ಇಷ್ಟೇನಾ ಅನಿಸಬಹುದು. ಆದರೆ ಅದನ್ನೇ ಒಂದು ನಿಮಿಷದಲ್ಲಿ ಇಳಿಸಿದರೆ ಸುಮಾರು 105 ಎಚ್‌ಪಿ ಸಿಗುತ್ತದೆ. ಮತ್ತೆ ಮೇಲೆತ್ತಲು ಕಾಲು ಗಂಟೆ ಸಮಯ ಕೊಟ್ಟರೆ, ಸೋರಿಕೆ, ಘರ್ಷಣೆ ಬಿಟ್ಟು ಲೆಕ್ಕ ಹಾಕಿದರೆ, 7 ಎಚ್‌ಪಿ ಸಾಕು. ತೋಟದ ಪಂಪ್‌ಸೆಟ್ಟಿನಷ್ಟು. ಸೇತುವೆ, ಲಾಕ್‌ಗಳ ಕೆಲಸ ಉಬ್ಬರದ ಸುತ್ತಮುತ್ತ ಮಾತ್ರ, ಅದೂ ಕೆಲವೇ ನಿಮಿಷ. ಅಷ್ಟಕ್ಕೆ ಪ್ರತಿ ಸೇತುವೆಗೂ ಒಂದು ಬಾಯ್ಲರ್ ಕಾಯಿಸಿಕೊಂಡು ಕೂರುವುದು ದಂಡ. ಒಂದೇ ಪಂಪ್‌ಹೌಸ್, ನೆಲದಡಿ ಪೈಪು, ಬೇಕಾದಲ್ಲಿ ವಾಲ್ವ್. ಇದೇ ನನಗೆ ಸೇತುವೆಗಿಂತ ದೊಡ್ಡ ಎಂಜಿನಿಯರಿಂಗ್ ಅನಿಸುತ್ತದೆ.

ಸೇತುವೆ ಕಡೆಯ ಯಂತ್ರ ಸರಳ. 30 ಸೆಂಟಿಮೀಟರ್ ದಪ್ಪದ ರ್‍ಯಾಮ್ ಆ ಒತ್ತಡದಲ್ಲಿ ಸುಮಾರು 37 ಟನ್ ತಳ್ಳುತ್ತದೆ. ಇಂಥ ಸೇತುವೆಗಳಲ್ಲಿ ಅದು ಸರಪಳಿ ಎಳೆದು ಸೇತುವೆಯಡಿಯ ಚಕ್ರ ತಿರುಗಿಸುವುದು ರೂಢಿ. ಆ ಕಡೆಗೊಂದು, ಈ ಕಡೆಗೊಂದು ರ್‍ಯಾಮ್. ನೀರು ಸೋರದಂತೆ ತಡೆಯುತ್ತಿದ್ದುದು ಚರ್ಮದ ವಾಷರ್. ಒತ್ತಡ ಹೆಚ್ಚಿದಷ್ಟೂ ಅದು ಇನ್ನಷ್ಟು ಅಂಟಿಕೊಳ್ಳುತ್ತದೆ. ವಾಲ್ವ್ ಮಾತ್ರ ನಿಧಾನ ಮುಚ್ಚಬೇಕು. ಪಟ್ಟನೆ ಮುಚ್ಚಿದರೆ ಓಡುವ ನೀರು ಗುದ್ದಿ ಪೈಪು ಬಿರಿಯುತ್ತದೆ. ಇವತ್ತಿಗೂ ನಾವು ಹೊಸ ಆಪರೇಟರ್‌ಗಳಿಗೆ ಮೊದಲು ಹೇಳುವುದು ಇದನ್ನೇ.

ಒಂದು ದೋಷ ಇತ್ತು. ತಿರುಗಿಸಬೇಕಾದ ಭಾರ ಹಗುರವಿದ್ದರೂ ರ್‍ಯಾಮ್ ತುಂಬಲು ಅಷ್ಟೇ ನೀರು ಬೇಕು, ಅದೇ ಒತ್ತಡದ್ದು. ಉಳಿದ ಬಲ ವಾಲ್ವ್‌ನಲ್ಲಿ ವ್ಯರ್ಥ. ಆದರೂ ಬ್ರಿಸ್ಟಲ್‌ನ ಅಂಡರ್‌ಫಾಲ್ ಯಾರ್ಡ್‌ನ ಪಂಪ್‌ಹೌಸ್ 1880ರ ದಶಕದಿಂದ 2010ರವರೆಗೆ ಡಾಕ್‌ಗೆ ನೀರಿನ ಬಲ ಕೊಟ್ಟಿತು. 1907ರಲ್ಲಿ ಉಗಿ ಹೋಗಿ ಕರೆಂಟ್ ಪಂಪು ಬಂದಿದ್ದು ಬಿಟ್ಟರೆ ವಿಧಾನ ಅದೇ. ನಮ್ಮ ಕೆಲಸದಲ್ಲಿ ಈಗ ನೀರಿನ ಜಾಗಕ್ಕೆ ಎಣ್ಣೆ, ಕಲ್ಲಿನ ಜಾಗಕ್ಕೆ ನೈಟ್ರೋಜನ್ ಗ್ಯಾಸ್ ಬಂದಿದೆ.

1965ರಲ್ಲಿ ಹೊಸ ಪ್ಲಿಮ್‌ಸಾಲ್ ತಿರುಗು ಸೇತುವೆ ಬಂದಮೇಲೆ ಬ್ರುನೆಲ್‌ನದ್ದಕ್ಕೆ ಕೆಲಸ ತಪ್ಪಿತು. ಈಗ ಹೊಸದರ ಕೆಳಗೇ ಲಾಕ್ ಪಕ್ಕ ಇದೆ. ನೋಡಲು ಹೋಗುವವರು ಆ ದಿನದ ಉಬ್ಬರದ ಹೊತ್ತು ವಿಚಾರಿಸಿಕೊಂಡು ಹೋಗಿ. ಇಳಿತದಲ್ಲಿ ಹೋದರೆ ನದಿಯಲ್ಲಿ ಬರೀ ಕೆಸರು, ಲಾಕ್ ತೆರೆಯುವುದೂ ಕಾಣಸಿಗುವುದಿಲ್ಲ.