ಕ್ಯಾಮೆರಾ ಇದ್ದರೂ ಪುಸ್ತಕ ಹೋಗುತ್ತಿವೆ, ಇನ್ನೆಷ್ಟು ಹಾಕಿಸಬೇಕು?

ಚಿತ್ರದುರ್ಗದ ಕಾಲೇಜು ಗ್ರಂಥಾಲಯದವರೊಬ್ಬರು ಕೇಳಿದ್ದಾರೆ: "ಸರ್, ನಾಲ್ಕು ಸಿಸಿ ಕ್ಯಾಮೆರಾ ಇವೆ. ಆದರೂ ಪುಸ್ತಕ ಕಾಣೆಯಾಗುತ್ತಿವೆ. ಇನ್ನೂ ಎಷ್ಟು ಹಾಕಿಸಬೇಕು?"

ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾಗಿನಿಂದ ಇದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನೊಂದೂ ಬೇಡ. ಮೊದಲು ಅಕ್ಸೆಶನ್ ರಿಜಿಸ್ಟರ್, ಅಂದರೆ ಬಂದ ಪ್ರತಿ ಪುಸ್ತಕಕ್ಕೂ ನಂಬರ್ ಕೊಟ್ಟು ಬರೆದಿಡುವ ದಾಖಲೆ ಪುಸ್ತಕ, ಕೈಗೆ ತಗೊಳ್ಳಿ.

ಕ್ಯಾಮೆರಾ ಇದ್ದರೆ ಕಳ್ಳತನ ನಿಲ್ಲುತ್ತದೆ ಅನ್ನೋ ನಂಬಿಕೆ ಎಷ್ಟು ಗಟ್ಟಿ ಅಂದರೆ, ಕ್ಯಾಮೆರಾ ಬಂದ ಮೇಲೆ ಪುಸ್ತಕ ಎಣಿಸುವುದನ್ನೇ ಬಿಟ್ಟವರನ್ನು ನೋಡಿದ್ದೇನೆ. ಸ್ವಲ್ಪ ಲೆಕ್ಕ ಹಾಕಿ. ರೆಕಾರ್ಡಿಂಗ್ ಸಾಮಾನ್ಯವಾಗಿ ಹದಿನೈದು ದಿನವೋ ಒಂದು ತಿಂಗಳೋ ಇರುತ್ತದೆ, ಆಮೇಲೆ ಅಳಿಸಿ ಹೊಸದು ಕೂರುತ್ತದೆ. ನಿಮ್ಮಲ್ಲಿ ಸ್ಟಾಕ್ ವೆರಿಫಿಕೇಶನ್, ಅಂದರೆ ಪುಸ್ತಕಗಳ ಎಣಿಕೆ, ಯಾವಾಗ? ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುವಾಗ, ಅಲ್ವಾ? ಜೂನ್‌ನಲ್ಲಿ ಹೋದ ಪುಸ್ತಕ ಮುಂದಿನ ಮಾರ್ಚ್‌ನಲ್ಲಿ ಗೊತ್ತಾದರೆ, ನೋಡೋಕೆ ಏನು ಉಳಿದಿರುತ್ತದೆ?

ಇನ್ನೊಂದು ಮಾತು. ಕ್ಯಾಮೆರಾ ಬಂದು ಹೋಗುವವರನ್ನು ನೋಡುತ್ತದೆ. ಕೀಲಿ ಇರುವವರನ್ನು ಯಾರೂ ನೋಡುವುದಿಲ್ಲ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಗ್ರಂಥಾಲಯದಲ್ಲಿ ಅಪರೂಪದ ಪುಸ್ತಕಗಳ ಕೋಣೆಗೆ ಒಂದೇ ಬಾಗಿಲು, ಕೀಲಿ ಕೆಲವರ ಕೈಲಿ ಮಾತ್ರ. ಆ ಕೋಣೆಯ ಉಸ್ತುವಾರಿಯೇ ಸುಮಾರು 25 ವರ್ಷ ಪುಸ್ತಕ, ನಕಾಶೆಗಳನ್ನು ಹೊರಗೆ ಸಾಗಿಸಿದ. ಗೊತ್ತಾಗಿದ್ದು 2017ರಲ್ಲಿ, ಕೂತು ಒಂದೊಂದನ್ನೇ ಲೆಕ್ಕ ಹಾಕಿದಾಗ. ನಾನಿದ್ದ ಒಂದು ಕಡೆ ಹಳೇ ಪುಸ್ತಕಗಳ ಬೀರುವಿನ ಕೀಲಿ ಗೋಡೆ ಕ್ಯಾಲೆಂಡರ್ ಹಿಂದಿನ ಮೊಳೆಗೆ ತೂಗಿರುತ್ತಿತ್ತು. ಚಹಾ ತರುವ ಹುಡುಗನಿಗೂ ಅದು ಗೊತ್ತಿತ್ತು. ಕೀಲಿ ತಗೊಂಡವರು ಹೆಸರು, ಹೊತ್ತು ಬರೆದು ಸಹಿ ಹಾಕುವ ಒಂದು ನೋಟ್‌ಬುಕ್ ಇಟ್ಟೆವು. ನೂರು ರೂಪಾಯಿಯೂ ಖರ್ಚಾಗಲಿಲ್ಲ.

ಕಾಣದ್ದೆಲ್ಲ ಕಳವಲ್ಲ, ಇದನ್ನೂ ಹೇಳಬೇಕು. ಒಮ್ಮೆ ಕೆಎಎಸ್ ಪರೀಕ್ಷೆಯ ಹನ್ನೊಂದು ಪುಸ್ತಕ ಇರಲಿಲ್ಲ. ಏಳು ಸಿಕ್ಕಿದ್ದು ಕೃಷಿ ರ‍್ಯಾಕಿನ ಹಿಂದೆ, ಗೋಡೆಗೆ ಒತ್ತಿ ಇಟ್ಟಿದ್ದವು. ನಾಳೆ ತನಗೇ ಸಿಗಲಿ ಅಂತ ಓದೋ ಹುಡುಗರೇ ಬಚ್ಚಿಟ್ಟಿದ್ದರು. ಅದಕ್ಕೇ ವಾರಕ್ಕೆ ಒಂದು ರ‍್ಯಾಕ್, ಅರ್ಧ ಗಂಟೆ, ಪಟ್ಟಿ ಹಿಡಿದು ನೋಡಿ. ಕೇಂದ್ರ ಸರ್ಕಾರದ 2017ರ ಹಣಕಾಸು ನಿಯಮಗಳು 20,000 ಪುಸ್ತಕದವರೆಗೆ ಪ್ರತಿ ವರ್ಷ ಪೂರ್ತಿ ತಪಾಸಣೆ ಆಗಬೇಕು ಅನ್ನುತ್ತವೆ. ಓದಲು ಕೊಟ್ಟ ಸಾವಿರಕ್ಕೆ ಐದು ಪುಸ್ತಕದ ನಷ್ಟವನ್ನು ಸಹಜ ಅಂತ ಒಪ್ಪುತ್ತವೆ, ಮೋಸ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ. ಆದರೆ ಅಪರೂಪದ ಪುಸ್ತಕ ಹೋದರೆ, ಬೆಲೆ ಎಷ್ಟೇ ಇರಲಿ, ವಿಚಾರಣೆ ಆಗಲೇಬೇಕು. ನಾಲ್ಕು ಪುಸ್ತಕಕ್ಕೆ ಹೆದರಿ ರ‍್ಯಾಕಿಗೆಲ್ಲ ಬೀಗ ಜಡಿಯುವವರಿಗೆ ಆ ಸಾವಿರಕ್ಕೆ ಐದರ ನಿಯಮ ತೋರಿಸಿ.

ಪುಸ್ತಕಕ್ಕಾದರೆ ಮುದ್ರೆ ಹಾಕುತ್ತೀರಿ, ಗ್ರಂಥಾಲಯದವರಿಗಷ್ಟೇ ಗೊತ್ತಿರುವ ಗುಪ್ತ ಪುಟದಲ್ಲಿ ನಂಬರ್ ಬರೆಯುತ್ತೀರಿ. ನಿಮ್ಮ ಕಡೆ ಮಠಗಳಲ್ಲಿ, ಹಳೇ ಮನೆಗಳಲ್ಲಿ ತಾಳೆಗರಿ ಕಟ್ಟುಗಳಿದ್ದರೆ? ದಯವಿಟ್ಟು ಅದರ ಮೇಲೆ ಮುದ್ರೆ ಒತ್ತಬೇಡಿ, ಪೆನ್ನಿನಲ್ಲಿ ಬರೆಯಬೇಡಿ. ಗರಿ ಎಷ್ಟಿವೆ ಎಣಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಪ್ರತಿ ಗರಿಯ ಎರಡೂ ಬದಿ ಫೋಟೋ ತೆಗೆಯಿರಿ. ಮುರಿದ ಮೂಲೆ, ಹುಳು ತಿಂದ ತೂತು, ದಾರದ ರಂಧ್ರ ಸ್ಪಷ್ಟವಾಗಿ ಕಾಣಲಿ. ಎರಡು ಕಟ್ಟುಗಳಲ್ಲಿ ಹುಳು ಒಂದೇ ಥರ ತಿಂದಿರುವುದಿಲ್ಲ, ಗುರುತು ಅದೇ. 75 ವರ್ಷ ದಾಟಿದ, ಚಾರಿತ್ರಿಕ ಅಥವಾ ಸಾಹಿತ್ಯಿಕ ಬೆಲೆಯುಳ್ಳ ಹಸ್ತಪ್ರತಿ, 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ, ಪುರಾತನ ವಸ್ತು. ನಾಳೆ ಎಲ್ಲೋ ಮಾರಾಟಕ್ಕೆ ಬಂದಾಗ ಇದು ನಮ್ಮದು ಅನ್ನೋಕೆ ಆ ಫೋಟೋ ಬೇಕು. ಅದರ ಒಂದು ಪ್ರತಿ ಬೇರೆ ಕಟ್ಟಡದಲ್ಲಿ ಇಡಿ.