ಅಂಗೈಗೆ ಒರಟು, ಅಂಗಾಲಿಗೆ ಜಾರು

ಶಿರಸಿ ಹತ್ತಿರದ ಒಂದು ಮನೆಯಿಂದ ಫೋನ್ ಬಂದಿತ್ತು. ಅಪ್ಪನಿಗೆ ಲಕ್ವ ಹೊಡೆದಿದೆ, ಓಡಾಟವೆಲ್ಲ ಗಾಲಿ ಕುರ್ಚಿಯಲ್ಲೇ, ಬಚ್ಚಲುಮನೆ ಹೊಸದಾಗಿ ಮಾಡಿಸಬೇಕು. "ಟೈಲ್ಸ್ ತಲೆಬಿಸಿ ನಿಮಗೆ ಬೇಡ ಸರ್. ಪಾರ್ಕಿಂಗ್ ಟೈಲ್ಸ್ ತಂದು ಇಟ್ಟಾಗಿದೆ. ಅದು ಜಾರೋದೇ ಇಲ್ಲ" ಎಂದ ಮಗ.

ಕುಮಟಾದಲ್ಲಿದ್ದುಕೊಂಡು ಇಷ್ಟು ವರ್ಷ ಮನೆ ಕಟ್ಟಿಸಿದ್ದೇನೆ. ಬಾಗಿಲು ಅಗಲ ಬೇಕು, ಗೋಡೆಗೆ ಹಿಡಿಕೆ ಬೇಕು, ಹೊಸ್ತಿಲು ಬೇಡ, ಕುರ್ಚಿ ತಿರುಗಲು 5 ಅಡಿ ಜಾಗ ಬೇಕು. ಇಷ್ಟನ್ನು ಈಗ ಜನ ತಾವೇ ಹೇಳುತ್ತಾರೆ. ನೆಲದ ವಿಷಯ ಬಂದಾಗ ಮಾತ್ರ ಅದೇ ತಪ್ಪು. ಅಂಗಡಿಗೆ ಹೋಗಿ ಒಣ ಟೈಲ್ಸ್ ಮೇಲೆ ಅಂಗೈ ಸವರುತ್ತಾರೆ. ಗರಗರ ಅಂದರೆ ಸಾಕು, ಬಿಲ್ ಮಾಡಿಸಿಬಿಡುತ್ತಾರೆ.

ಒರಟು ಬೇರೆ, ಹಿಡಿತ ಬೇರೆ. ಪಾರ್ಕಿಂಗ್ ಟೈಲ್ಸ್ ಮೇಲಿನ ಗುಬ್ಬಿಗಳು, ಅಂದರೆ ಉಬ್ಬುಗಳು, ದೊಡ್ಡವು. ಅಂಗಾಲು ಆ ಗುಬ್ಬಿಗಳ ತುದಿಗೆ ಮಾತ್ರ ತಾಗುತ್ತದೆ. ಎಷ್ಟೋ ಟೈಲ್ಸ್‌ನಲ್ಲಿ ಆ ತುದಿಗೇ ಹೊಳಪು ಇರುತ್ತದೆ. ಅದರ ಮೇಲೆ ಸೋಪಿನ ನೀರು ಬಿತ್ತು ಅಂದರೆ ಕಾಲು ನಿಲ್ಲುವುದು ಯಾವುದರ ಮೇಲೆ? ಕಾಲಿಗೆ ಹಿಡಿತ ಕೊಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ತರಿ. ಜೊತೆಗೆ ಕಾಲಿನ ಅಡಿಯ ನೀರು ಸರಿದು ಹೋಗಲು ಸಂದು ಬೇಕು. ಎಲ್ಲ ಪಾರ್ಕಿಂಗ್ ಟೈಲ್ಸೂ ಜಾರುತ್ತವೆ ಅಂತ ನಾನು ಹೇಳುತ್ತಿಲ್ಲ. ಒಣ ಕೈಯಲ್ಲಿ ಮುಟ್ಟಿ ಅದನ್ನು ಹೇಳಲು ಬರುವುದಿಲ್ಲ, ಅಷ್ಟೆ.

ಡಬ್ಬದ ಮೇಲೆ ಆರ್10, ಆರ್11 ಅಂತ ಬರೆದಿದೆಯಲ್ಲ ಅಂತ ಕೆಲವರು ತೋರಿಸುತ್ತಾರೆ. ಅದು ಜರ್ಮನಿಯ ಲೆಕ್ಕ. ಟೈಲ್ಸ್ ಕೂರಿಸಿದ ಓರೆ ಹಲಗೆಯ ಮೇಲೆ ಎಣ್ಣೆ ಸುರಿದು, ಬೂಟು ಹಾಕಿದ ಮನುಷ್ಯನನ್ನು ನಡೆಸಿ ಅಳೆದದ್ದು. ಬೂಟು! ಬಚ್ಚಲಲ್ಲಿ ಬೂಟು ಹಾಕುವವರು ಯಾರು? ಬರಿಗಾಲಿಗೆ, ಸೋಪು ನೀರಿಗೆ ಬೇರೆಯೇ ಪರೀಕ್ಷೆ ಇದೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ದರ್ಜೆ. ಸ್ನಾನದ ಜಾಗಕ್ಕೆ ಕಡಿಮೆ ಅಂದರೂ ಬಿ ಇರಲಿ. ಹಲಗೆಯನ್ನು 18 ಡಿಗ್ರಿ ಓರೆ ಮಾಡಿದರೂ ಬರಿಗಾಲು ನಿಲ್ಲಬೇಕು, ಅದು ಬಿ.

ಇನ್ನೊಂದು ಮಾತು. ಗಾಲಿ ಕುರ್ಚಿಯ ಬಚ್ಚಲಲ್ಲಿ ಜಾರುವ ಅಪಾಯ ಕೂತವರಿಗಿಂತ ಜಾಸ್ತಿ ಇರುವುದು ಹಿಂದೆ ನಿಂತವರಿಗೆ. ಅಮ್ಮ, ಸೊಸೆ, ಇಲ್ಲ ನೋಡಿಕೊಳ್ಳುವ ಹೆಂಗಸು. ಬರಿಗಾಲು, ಒದ್ದೆ ಸೀರೆ, ಕೈ ತುಂಬ ಸೋಪು, ಮೇಲಿಂದ ಎಪ್ಪತ್ತು ಕಿಲೋ ಎತ್ತಿ ಕೂರಿಸಬೇಕು. ನೆಲ ಆರಿಸುವಾಗ ಎಲ್ಲರೂ ಗಾಲಿಯನ್ನೇ ನೆನೆಯುತ್ತಾರೆ, ಅವರ ಕಾಲು ಯಾರಿಗೂ ನೆನಪಾಗುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಕೂತವರಿಗೂ ಗುಬ್ಬಿ ಒಳ್ಳೆಯದಲ್ಲ. ಸ್ನಾನದ ಕುರ್ಚಿಯ ಗಾಲಿ ಚಿಕ್ಕದು, ಗಡಗಡ ಅಲುಗುತ್ತದೆ. ಸ್ವಾಧೀನ ಇಲ್ಲದ ಕಾಲು ಕುರ್ಚಿಯ ಕಾಲಿಡುವ ಮೆಟ್ಟಿನಿಂದ ಜಾರಿ ಬೆರಳು ನೆಲಕ್ಕೆ ಉಜ್ಜಿದರೂ ಅವರಿಗೆ ಗೊತ್ತಾಗದೆ ಇರಬಹುದು. ಗಾಯ ಕಂಡರೆ ಡಾಕ್ಟರಿಗೆ ತೋರಿಸಿ, ಅದು ನನ್ನ ಕೆಲಸವಲ್ಲ. ಆದರೆ ಉಜ್ಜದ ಹಾಗೆ ನೆಲ ಮಾಡುವುದು ನನ್ನ ಕೆಲಸ.

ಇನ್ನು ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ಒಣಗುವುದೇ ಕಷ್ಟ. ಗುಬ್ಬಿಗಳ ನಡುವೆ ಸೋಪಿನ ಜಿಡ್ಡು ಕೂತು, ಅದರ ಮೇಲೆ ಹಾವಸೆ ಬರುತ್ತದೆ. ಬ್ರಷ್ ಒಳಗೆ ಹೋಗುವುದಿಲ್ಲ. ಆಗ ಆಸಿಡ್ ಸುರಿಯುತ್ತಾರೆ. ಆಸಿಡ್ ಸಂದಿನ ಸಿಮೆಂಟನ್ನು ತಿನ್ನುತ್ತದೆ, ಸಂದಲ್ಲಿ ನೀರು ನಿಲ್ಲುತ್ತದೆ, ಮತ್ತೆ ಹಾವಸೆ. ನಮ್ಮ ಅಜ್ಜಿ ಉಳಿ ಹೊಡೆದ ಕಲ್ಲಿನ ಬಚ್ಚಲನ್ನು ದಿನಾ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ಈಗ ರೋಗಿಯನ್ನೂ ನೋಡಿಕೊಂಡು ಅಷ್ಟು ತಿಕ್ಕಲು ಯಾರಿಗೆ ಪುರುಸೊತ್ತಿದೆ?

ಹಾಗಾಗಿ ನಾನು ಜಾಸ್ತಿ ಹಾಕಿಸುವುದು ಹೊಳಪಿಲ್ಲದ ಸಣ್ಣ ಟೈಲ್ಸ್, 2 ಇಂಚಿನ ಚೌಕ. ಸಂದು ಜಾಸ್ತಿ, ಕಾಲಿಗೆ ಹಿಡಿತ ಸಿಗುತ್ತದೆ, ವಾಟಕ್ಕೆ, ಅಂದರೆ ನೀರು ಹರಿಯುವ ಇಳಿಜಾರಿಗೆ, ತಕ್ಕ ಹಾಗೆ ಬಾಗುತ್ತದೆ. ಸಂದಿಗೆ ಸಿಮೆಂಟ್ ಬದಲು ಎಪಾಕ್ಸಿ ಅನ್ನುವ ಗಟ್ಟಿ ಅಂಟೇ ಬೇಕು, ಖರ್ಚು ಜಾಸ್ತಿಯಾದರೂ ಸರಿ. ಆಸ್ಪತ್ರೆಯಲ್ಲಿ ಹಾಕುವಂಥ ವಿನೈಲ್ ಹಾಳೆಯೂ ಚೆನ್ನಾಗಿರುತ್ತದೆ. ಆದರೆ ಅದರ ಜೋಡಣೆಯನ್ನು ಬಿಸಿ ಮಾಡಿ ಬೆಸೆಯಬೇಕು. ಅದು ಗೊತ್ತಿರುವ ಕೆಲಸಗಾರ ಸಿಕ್ಕರೆ ಮಾತ್ರ ಹಾಕಿಸಿ.

ಅಂಗಡಿಗೆ ಹೋಗುವಾಗ ಒಂದು ತುಂಡು ಸೋಪು, ಸ್ವಲ್ಪ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹೋಗಿ. ನಮ್ಮಲ್ಲಿ ಎಣ್ಣೆ ಸ್ನಾನ ಇದ್ದದ್ದೇ ಅಲ್ವಾ. ಟೈಲ್ಸ್ ನೆಲಕ್ಕಿಟ್ಟು ನೀರು ಹಾಕಿ, ಸೋಪು ಉಜ್ಜಿ, ಎರಡು ಹನಿ ಎಣ್ಣೆ ಬಿಡಿ. ಯಾರದಾದರೂ ಭುಜ ಹಿಡಿದುಕೊಂಡು ಬರಿಗಾಲಲ್ಲಿ ಒತ್ತಿ ನೋಡಿ. ಆಮೇಲೆ ಬಟ್ಟೆಯಿಂದ ಒರೆಸಿ. ಎರಡು ಸಲಕ್ಕೆ ಜಿಡ್ಡು ಹೋಗದಿದ್ದರೆ ಅದು ಬೇಡ. ನಾನು ಹೋಗುವ ಅಂಗಡಿಯಲ್ಲಿ ಈಗ ನನ್ನನ್ನು ನೋಡಿದ ಕೂಡಲೇ ಹುಡುಗ ಒಂದು ಚೊಂಬು ನೀರು ತರುತ್ತಾನೆ.

ಆ ಶಿರಸಿ ಮನೆಯ ಪಾರ್ಕಿಂಗ್ ಟೈಲ್ಸ್ ಅಂಗಳಕ್ಕೆ ಹೋಯಿತು. ಬಚ್ಚಲಿಗೆ ಸಣ್ಣ ಚೌಕ ಬಂತು. ಮೇಸ್ತ್ರಿ ನೀರು ಬೇಗ ಹೋಗಲಿ ಅಂತ 5 ಅಡಿಗೆ 3 ಇಂಚು ವಾಟ ಕೊಡಲು ಹೊರಟಿದ್ದ. 1 ಇಂಚು ಸಾಕು, ಇಲ್ಲದಿದ್ದರೆ ಕುರ್ಚಿಯೂ ನೀರಿನ ಹಿಂದೆ ಹೋಗುತ್ತದೆ ಎಂದು ನಿಲ್ಲಿಸಿದೆ. ಕೆಲಸ ಮುಗಿದ ದಿನ ಬ್ರೇಕ್ ಹಾಕದೆ ಖಾಲಿ ಕುರ್ಚಿ ಇಟ್ಟು, ಒಂದು ಬಕೆಟ್ ನೀರು ಚೆಲ್ಲಿದೆವು. ನೀರು ಜಾಲರಿಯ ಕಡೆ ಹೋಯಿತು, ಕುರ್ಚಿ ಅಲ್ಲೇ ಇತ್ತು. ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ಹಿಂದೆ ನಿಂತು, ಎರಡೂ ಕಾಲು ಊರಿ ಒಮ್ಮೆ ತಳ್ಳಿ ನೋಡಿದರು.